ಗಿಟಾರಿನ ಒಳಪಟ್ಟಿಗೆ ಏನನ್ನೋಣ: ರೀಪು, ಪಕ್ಕಾಸು, ಮತ್ತೇನಾದರೂ?

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ಮನೆ ಹಿಂದಿನ ಶೆಡ್ಡಿನಲ್ಲಿ ಗಿಟಾರ್ ಮಾಡುತ್ತೇನೆ. ಕಲಿಯಲು ಬರುವ ಹುಡುಗರಿಗೆ ಕನ್ನಡದಲ್ಲೇ ಟಿಪ್ಪಣಿ ಬರೆಯುತ್ತಿದ್ದೇನೆ. ಒಂದು ಪದ ಮಾತ್ರ ಸಿಗುತ್ತಿಲ್ಲ.

ಉಳಿದ ಭಾಗಗಳಿಗೆ ವೀಣೆಯವರ ಹೆಸರು ಚೆನ್ನಾಗಿ ಒಗ್ಗುತ್ತದೆ. ಫ್ರೆಟ್‌ಗೆ ಮೆಟ್ಟಿಲು, ತಂತಿ ಬಿಗಿಯಲು ಬಿರಡೆ, ಬ್ರಿಡ್ಜ್‌ಗೆ ಕುದುರೆ. ಬ್ರಿಡ್ಜ್ ಮೇಲೆ ತಂತಿ ಹೊರುವ ಎಲುಬಿನ ತುಂಡು ಇದೆಯಲ್ಲ, ಸ್ಯಾಡಲ್, ಅದಕ್ಕೆ ಜೀನು ಅಂತ ಬರೆದುಬಿಟ್ಟೆ. ಕುದುರೆ ಇದ್ದ ಮೇಲೆ ಜೀನು ಬೇಡ್ವಾ?

ತೊಡಕು ಬ್ರೇಸಿಂಗ್‌ನದು, ಅಂದರೆ ಮುಖದ ಹಲಗೆಯ ಒಳಮೈಗೆ ಅಂಟಿಸುವ ಪಟ್ಟಿಗಳದು. ಗಿಟಾರಿನ ಮುಖದ ಹಲಗೆ ಹೆಚ್ಚೆಂದರೆ 3 ಮಿ.ಮೀ. ದಪ್ಪ. ಉಕ್ಕಿನ ಆರು ತಂತಿಗಳ ಎಳೆತ ಸುಮಾರು 70 ಕಿಲೋ ಭಾರದಷ್ಟು. ಬರೀ ಹಲಗೆ ತಡೆಯುವುದಿಲ್ಲ. ಅದಕ್ಕೇ ಒಳಮೈಗೆ ಮರದ ಪಟ್ಟಿ ಅಂಟಿಸುವುದು. ಎರಡು ದೊಡ್ಡ ಪಟ್ಟಿ ಕತ್ತರಿ ಹಾಕಿದ ಹಾಗೆ ಒಂದನ್ನೊಂದು ದಾಟುತ್ತವೆ, ಸಣ್ಣವು ಅವುಗಳ ಅಕ್ಕಪಕ್ಕ. 1840ರ ದಶಕದಲ್ಲಿ ಅಮೆರಿಕದ ಮಾರ್ಟಿನ್ ಕಂಪನಿಯ ಗಿಟಾರುಗಳಲ್ಲಿ ಬಂದ ಕ್ರಮ ಇದು. ಸ್ಪೇನಿನ ಗಿಟಾರ್ ತಯಾರಕ ಟಾರೆಸ್ ಪಟ್ಟಿಗಳನ್ನು ಬೀಸಣಿಗೆಯಂತೆ ಹರಡಿದ. 1862ರಲ್ಲಿ ಅವನು ಹಿಂಬದಿ, ಪಕ್ಕ ಎರಡನ್ನೂ ಕಾಗದದ ರಟ್ಟಿನಲ್ಲಿ ಮಾಡಿ, ಮುಖದ ಹಲಗೆಯೇ ಮುಖ್ಯ ಅಂತ ತೋರಿಸಿದ.

ಶೆಡ್ಡಿಗೆ ಬರುವ ಮರಗೆಲಸದ ಆಚಾರ್ರು ನೋಡಿದ ಕೂಡಲೇ 'ರೀಪು' ಅಂದರು. ನಮ್ಮ ಹಂಚಿನ ಮಾಡಿನ ಲೆಕ್ಕದಲ್ಲಿ ಅದು ಅರ್ಧ ಮಾತ್ರ ಸರಿ. ಭಾರ ಹೊತ್ತು ಗೋಡೆಗೆ ದಾಟಿಸುವುದು ಪಕ್ಕಾಸು, ಅದರ ಮೇಲೆ ಅಡ್ಡ ಬರುವುದು ರೀಪು. ಹಾಗಾದರೆ ಕತ್ತರಿಯ ಎರಡು ಪಕ್ಕಾಸು, ಉಳಿದವು ರೀಪು ಅನ್ನಬಹುದೇನೋ. ಆದರೆ ಘಟ್ಟದ ಮೇಲಿನವರಿಗೆ ಪಕ್ಕಾಸು ಅಂದರೆ ಅರ್ಥವಾಗುತ್ತದಾ?

ಇನ್ನೊಂದು ಸಂಗತಿ. ಈ ಪಟ್ಟಿ ಬರೀ ಹೊರುವುದಲ್ಲ, ನಾದವನ್ನು ಹಲಗೆಯ ತುಂಬಾ ಹರಡುವುದೂ ಇದೇ. ಅಂಟಿಸಿದ ಮೇಲೆ ಉಳಿಯಿಂದ ಅದರ ತುದಿ ಕೆತ್ತುತ್ತಾ, ಬೆರಳ ಗೆಣ್ಣಿನಿಂದ ಹಲಗೆ ತಟ್ಟುತ್ತಾ ಹೋಗುತ್ತೇವೆ. ಮೊದಲು 'ಟಕ್' ಅಂತ ಮೊಂಡಾಗಿ ಕೇಳುವುದು, ತುದಿ ತೆಳ್ಳಗಾದ ಹಾಗೆ 'ಡುಂ' ಅಂತ ಎಳೆಯುತ್ತದೆ. ಅಲ್ಲಿಗೆ ಉಳಿ ಕೆಳಗಿಡಬೇಕು. ಜಾಸ್ತಿ ಕೆತ್ತಿದರೆ ಹಲಗೆ ಉಬ್ಬಿ ಬರುತ್ತದೆ. (ಮಳೆಗಾಲದಲ್ಲಿ ಈ ಕೆಲಸ ಬಂದ್. ತೇವ ಕುಡಿದ ಹಲಗೆಗೆ ಪಟ್ಟಿ ಅಂಟಿಸಿದರೆ, ಮುಂದೆ ಎಸಿ ಕೋಣೆಯಲ್ಲಿ ಒಣಗಿ ಸೀಳುತ್ತದೆ.) ಪಟ್ಟಿಗೆ ನಾದದ ಕೆಲಸವೂ ಇರುವುದರಿಂದ 'ಆಧಾರಪಟ್ಟಿ' ಅಂದರೆ ಸಿಮೆಂಟ್ ಕೆಲಸದ ಮಾತಿನ ಹಾಗಿದೆ, ನನಗೆ ಹಿಡಿಸಲಿಲ್ಲ. 'ಪಕ್ಕೆಲುಬು' ಅಂದರೆ ಹುಡುಗರು ಗಿಟಾರಿನ ಪಕ್ಕದ ಹಲಗೆ ಅಂದುಕೊಳ್ಳುತ್ತಾರೆ.

ಮಲ್ಪೆ, ಗಂಗೊಳ್ಳಿ ಕಡೆಯವರು ಯಾರಾದರೂ ಇದ್ದೀರಾ? ಮರದ ದೋಣಿಯ ಒಳಗೆ ಸಾಲಾಗಿ ಕೂರಿಸುವ ಬಾಗಿದ ಮರಗಳಿಗೆ ಕಟ್ಟುವವರು ಏನನ್ನುತ್ತಾರೆ? ತುಳು, ಕುಂದಗನ್ನಡ, ಕೊಂಕಣಿ ಯಾವುದಾದರೂ ಆಗಬಹುದು. ಪಿಟೀಲು ರಿಪೇರಿ ಮಾಡುವವರ ಬಾಯಲ್ಲಿ ಒಳಗಿನ ಪಟ್ಟಿಗೆ ಹೆಸರು ಕೇಳಿದವರಿದ್ದರೆ ಅದನ್ನೂ ಬರೆಯಿರಿ.