ಸದ್ದಾಂ, ಲಾಡೆನ್ ಮತ್ತು ನಮ್ಮ ಫ್ಯಾಮಿಲಿ ಗ್ರೂಪ್

ಕುವೈತ್ ಚಿಕ್ಕಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ)
ಮಾಧ್ಯಮಗಳು ಮುಚ್ಚಿಟ್ಟ ಸತ್ಯ!! ಅಮೆರಿಕದ ಮೇಲಿನ 9/11 ದಾಳಿಯ ಹಿಂದೆ ಇದ್ದದ್ದು ಇರಾಕ್‌ನ ಸದ್ದಾಂ ಹುಸೇನ್. ಅಪಹರಣಕಾರರ ನಾಯಕ ಮೊಹಮ್ಮದ್ ಅಟ್ಟಾ 2001ರ ಏಪ್ರಿಲ್‌ನಲ್ಲಿ ಪ್ರೇಗ್‌ನಲ್ಲಿ ಇರಾಕಿ ಗೂಢಚಾರನನ್ನು ಭೇಟಿಯಾಗಿದ್ದ. ಲಾಡೆನ್‌ನ ಅಲ್-ಖೈದಾಗೆ ವಿಷಾನಿಲದ ತರಬೇತಿ ಕೊಟ್ಟದ್ದು ಇರಾಕ್. ಜೋರ್ಡಾನ್‌ನ ಉಗ್ರ ಜರ್ಕಾವಿಗೆ ಬಾಗ್ದಾದ್‌ನಲ್ಲಿ ಚಿಕಿತ್ಸೆ. ಅಮೆರಿಕದ 2003ರ ಇರಾಕ್ ಯುದ್ಧ ನೂರಕ್ಕೆ ನೂರು ಸರಿ. ಹತ್ತು ಜನರಿಗೆ ಕಳಿಸಿ 🙏

ಕುವೈತ್ ಚಿಕ್ಕಪ್ಪ: ಎಲ್ಲರೂ ಓದಿ. ನಾನು ಆಗಿನಿಂದಲೂ ಇದನ್ನೇ ಹೇಳುತ್ತಾ ಬಂದವ.

ದೊಡ್ಡಮ್ಮ: 👍

ನಾನು: ದೊಡ್ಡಮ್ಮ, ಓದಿ ಹಾಕಿದ್ರಾ ಹೆಬ್ಬೆರಳು?

ದೊಡ್ಡಮ್ಮ: ಚಿಕ್ಕಪ್ಪ ಹಾಕಿದ್ದಲ್ವಾ, ಅದಕ್ಕೆ.

ನಾನು: ಚಿಕ್ಕಪ್ಪ, ಬೇಜಾರು ಮಾಡಿಕೊಳ್ಳಬೇಡಿ. ಇದರಲ್ಲಿರುವ ಮೂರೂ ಮಾತು 2001–03ರಲ್ಲಿ ವಾಷಿಂಗ್ಟನ್‌ನಿಂದ ಹೊರಟವು. ಯಾರೂ ಮುಚ್ಚಿಡಲಿಲ್ಲ, ಟೀವಿಯಲ್ಲಿ ದಿನಾ ಹೇಳಿದರು. ಆಮೇಲೆ ಅವರದೇ ಆಯೋಗ, ಅವರದೇ ಸೆನೆಟ್ ಸಮಿತಿ ತನಿಖೆ ಮಾಡಿ ಒಂದೊಂದನ್ನೇ ಕೆಡವಿದವು. ಸುಮ್ನೆ ಮತ್ತೆ ಯಾಕೆ ಎಬ್ಬಿಸುವುದು?

ಕುವೈತ್ ಚಿಕ್ಕಪ್ಪ: ನೀನು ಆಗ ಹುಟ್ಟಿಯೇ ಇರಲಿಲ್ಲ ಮಾರಾಯ. 1990ರ ಆಗಸ್ಟ್ 2ಕ್ಕೆ ಅವನ ಸೈನ್ಯ ಒಳಗೆ ನುಗ್ಗಿದಾಗ ನಾನು ಅಲ್ಲಿದ್ದವ. ಕೈಯಲ್ಲಿದ್ದ ಕುವೈತಿ ದಿನಾರ್ ರದ್ದಿ ಕಾಗದ ಆಯಿತು. ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್, ಅಲ್ಲಿಂದ ಜೋರ್ಡಾನ್ ಗಡಿ, ಮರುಭೂಮಿಯಲ್ಲಿ ಟೆಂಟು. ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನ ಸಿಗದಿದ್ದರೆ ಈ ಗ್ರೂಪ್‌ನಲ್ಲಿ ನಾನು ಇರುತ್ತಿರಲಿಲ್ಲ. ಸದ್ದಾಂ ಎಂಥವ ಅಂತ ನನಗೆ ರಿಪೋರ್ಟ್ ಓದಿ ತಿಳಿಯಬೇಕಾಗಿಲ್ಲ.

ನಾನು: ಅದನ್ನು ಯಾರು ಇಲ್ಲ ಎಂದರು ಚಿಕ್ಕಪ್ಪ? ಅವನು ಕ್ರೂರಿ, ಒಪ್ಪಿದೆ. ಹಲಬ್ಜಾದಲ್ಲಿ ತನ್ನದೇ ದೇಶದ ಕುರ್ದರ ಮೇಲೆ ವಿಷಾನಿಲ ಬಿಟ್ಟವನು. ಆದರೆ ಈ ಮೆಸೇಜ್ ಹೇಳುವುದು ಅದನ್ನಲ್ಲ. 9/11 ಮಾಡಿಸಿದ್ದು ಅವನು ಅಂತ. ವಿಮಾನ ಅಪಹರಿಸಿದ 19 ಜನರಲ್ಲಿ 15 ಮಂದಿ ಸೌದಿಯವರು, ಇಬ್ಬರು ಯುಎಇ, ಒಬ್ಬ ಈಜಿಪ್ಟ್, ಒಬ್ಬ ಲೆಬನಾನ್. ಇರಾಕಿ ಒಬ್ಬನೂ ಇಲ್ಲ.

ಕುವೈತ್ ಚಿಕ್ಕಪ್ಪ: ಪ್ರೇಗ್ ಭೇಟಿ?

ನಾನು: ಜೆಕ್ ಗುಪ್ತಚರರಿಗೆ ಒಬ್ಬನೇ ಒಬ್ಬ ಮಾಹಿತಿದಾರ ಹೇಳಿದ್ದು, ಅದೂ 9/11 ಆದಮೇಲೆ ಅಟ್ಟಾನ ಫೋಟೋ ನೋಡಿ. ಆ ವರ್ಷದ ಡಿಸೆಂಬರ್‌ನಲ್ಲೇ ಉಪಾಧ್ಯಕ್ಷ ಡಿಕ್ ಚೆನಿ ಅದು ಹೆಚ್ಚುಕಡಿಮೆ ಖಚಿತ ಎಂದು ಟೀವಿಯಲ್ಲಿ ಹೇಳಿಬಿಟ್ಟರು. ಆದರೆ 2001ರ ಏಪ್ರಿಲ್ 4ಕ್ಕೆ ಅಟ್ಟಾ ವರ್ಜೀನಿಯಾದ ಒಂದು ಬ್ಯಾಂಕಿನ ಕ್ಯಾಮೆರಾದಲ್ಲಿ ಸಿಕ್ಕಿದ್ದಾನೆ. 11ಕ್ಕೆ ಫ್ಲಾರಿಡಾದಲ್ಲಿ ಬಾಡಿಗೆ ಮನೆ ಹಿಡಿದಿದ್ದಾನೆ. ಭೇಟಿ ನಡೆಯಿತು ಎನ್ನುವ ದಿನ 9. ಆ ದಿನ ಅವನ ಮೊಬೈಲ್‌ನಿಂದ ಫ್ಲಾರಿಡಾದಲ್ಲೇ ಕರೆ ಹೋಗಿದೆ.

ಬೆಂಗಳೂರು ಭಾವ: ಮೊಬೈಲ್ ಬೇರೆಯವರ ಕೈಯಲ್ಲಿ ಇರಬಹುದಲ್ವಾ?

ನಾನು: ಇರಬಹುದು ಭಾವ. 9/11 ಆಯೋಗವೂ ಅಷ್ಟು ಮಾತು ಬರೆದೇ ಮುಂದೆ ಹೋಯಿತು. ಆದರೆ ಅವನು ಆ ತಿಂಗಳು ದೇಶ ಬಿಟ್ಟದ್ದಕ್ಕೆ ಒಂದು ಚೀಟಿಯೂ ಇಲ್ಲ. ಅವನು ಭೇಟಿಯಾದ ಎನ್ನುವ ಇರಾಕಿ ಅಧಿಕಾರಿ ಅಲ್-ಆನಿ 2003ರ ಜುಲೈನಲ್ಲಿ ಅಮೆರಿಕನ್ನರ ಕೈಗೇ ಸಿಕ್ಕಿದ. ಅಟ್ಟಾನನ್ನು ನೋಡಿಯೇ ಇಲ್ಲ ಎಂದ.

ಕುವೈತ್ ಚಿಕ್ಕಪ್ಪ: ನೋಡಿದ್ದೇನೆ ಅಂತ ಯಾವ ಕಳ್ಳ ಹೇಳುತ್ತಾನೆ? ಸರಿ, ಪ್ರೇಗ್ ಬಿಡು. ಪ್ಯಾಲೆಸ್ಟೀನಿ ಉಗ್ರ ಅಬು ನಿದಾಲ್ ಎಲ್ಲಿ ಸತ್ತ? 2002ರಲ್ಲಿ ಬಾಗ್ದಾದ್‌ನಲ್ಲಿ! ಅಕಿಲೆ ಲೌರೊ ಹಡಗು ಅಪಹರಿಸಿದ ಗುಂಪಿನ ಅಬು ಅಬ್ಬಾಸ್ ಎಲ್ಲಿ ಸಿಕ್ಕಿದ? ಅದೂ ಬಾಗ್ದಾದ್‌ನಲ್ಲೇ. ಪ್ಯಾಲೆಸ್ಟೀನಿ ಆತ್ಮಾಹುತಿ ಬಾಂಬರ್‌ಗಳ ಮನೆಯವರಿಗೆ 25,000 ಡಾಲರ್ ಹಂಚಿದ್ದು ಯಾರು? ಕಳ್ಳರಿಗೆ ಜಗಲಿ ಬಿಟ್ಟುಕೊಟ್ಟವ ಸಾಚಾ ಹೇಗಾಗುತ್ತಾನೆ?

ನಾನು: ಇವೆಲ್ಲ ನಿಜ. ಇನ್ನೂ ಒಂದು ಸೇರಿಸಿ: 1993ರಲ್ಲಿ ಕುವೈತ್‌ಗೆ ಬಂದಿದ್ದ ಅಮೆರಿಕದ ಮಾಜಿ ಅಧ್ಯಕ್ಷ ಹಿರಿಯ ಬುಷ್ ಅವರನ್ನು ಕೊಲ್ಲಿಸಲು ಹೊರಟದ್ದು ಇರಾಕಿ ಗುಪ್ತಚರರೇ ಎಂದು ಅಮೆರಿಕ ಆ ಗುಪ್ತಚರರ ಕಚೇರಿಗೆ ಕ್ಷಿಪಣಿ ಬಿಟ್ಟಿತು. ನನ್ನ ತಕರಾರು ಇಷ್ಟೇ. ಜಗಲಿಯಲ್ಲಿ ಕೂತವರು ಯಾರು ಅಂತ ನೋಡಬೇಕು. ಅಬು ನಿದಾಲ್ ಬೇರೆ, ಲಾಡೆನ್ ಬೇರೆ. ‘ಟೆರರಿಸ್ಟ್’ ಅಂತ ಒಂದೇ ಚೀಲಕ್ಕೆ ತುಂಬಿದ್ದರಿಂದಲೇ ಯುದ್ಧ ಜನರಿಗೆ ಒಪ್ಪಿಗೆಯಾದದ್ದು. 2003ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ ಪೋಸ್ಟ್ ಸಮೀಕ್ಷೆ ಮಾಡಿದಾಗ ನೂರರಲ್ಲಿ 69 ಅಮೆರಿಕನ್ನರು 9/11ರಲ್ಲಿ ಸದ್ದಾಂ ಕೈ ಇದ್ದಿರಬಹುದು ಎಂದರು. ಸೆಪ್ಟೆಂಬರ್‌ನಲ್ಲಿ ಆಗಿನ ಅಧ್ಯಕ್ಷ, ಕಿರಿಯ ಬುಷ್ ಅವರೇ ಅದಕ್ಕೆ ಸಾಕ್ಷ್ಯ ಇಲ್ಲ ಎಂದರು. ಅಷ್ಟು ಹೊತ್ತಿಗೆ ಬಾಗ್ದಾದ್ ಬಿದ್ದು ಐದು ತಿಂಗಳಾಗಿತ್ತು.

ಕುವೈತ್ ಚಿಕ್ಕಪ್ಪ: ಲಾಡೆನ್ ಜೊತೆ ಮಾತುಕತೆಯೇ ನಡೆದಿಲ್ಲ ಅಂತೀಯಾ?

ನಾನು: ನಡೆದಿದೆ. 1994ರ ಸುಮಾರಿಗೆ ಸುಡಾನ್‌ನಲ್ಲಿ ಇರಾಕಿ ಅಧಿಕಾರಿಯೊಬ್ಬ ಲಾಡೆನ್‌ನನ್ನು ಕಂಡ. ತರಬೇತಿಗೆ ಜಾಗ ಕೊಡಿ, ಆಯುಧ ಕೊಡಿಸಿ ಎಂದು ಲಾಡೆನ್ ಕೇಳಿದ. ಇರಾಕ್ ಕೊಟ್ಟದ್ದಕ್ಕೆ ಪುರಾವೆ ಇಲ್ಲ. ನಿಮ್ಮ ಕುವೈತ್ ಮೇಲೆ ಸದ್ದಾಂ ದಾಳಿ ಮಾಡಿದಾಗ, ನನ್ನ ಮುಜಾಹಿದೀನ್ ಹೋರಾಟಗಾರರು ಸಾಕು, ನಾನೇ ಅವನನ್ನು ಓಡಿಸುತ್ತೇನೆ ಅಂತ ಸೌದಿ ದೊರೆಗಳ ಹತ್ತಿರ ಹೋದವನೂ ಇದೇ ಲಾಡೆನ್.

ಬೆಂಗಳೂರು ಭಾವ: ವಿಷಾನಿಲದ ಟ್ರೈನಿಂಗ್ ವಿಷಯ ಯಾರೂ ಎತ್ತುತ್ತಿಲ್ಲ 🙂

ನಾನು: ಅದಕ್ಕೇ ಬರುತ್ತಿದ್ದೆ. ಜಾಸ್ತಿ ಉದ್ದ ಆಗುತ್ತದೆ, ಓದಿ. ಈ ಮಾತು ಹುಟ್ಟಿದ್ದು ಒಬ್ಬ ಕೈದಿಯ ಬಾಯಲ್ಲಿ. ಹೆಸರು ಇಬ್ನ್ ಅಲ್-ಶೇಖ್ ಅಲ್-ಲೀಬಿ. 2001ರ ಕೊನೆಗೆ ಸಿಕ್ಕಿಬಿದ್ದ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಅವನನ್ನು ಈಜಿಪ್ಟ್‌ಗೆ ಸಾಗಿಸಿತು. ಅವನೇ ಆಮೇಲೆ ಹೇಳಿದ ಪ್ರಕಾರ ಅಲ್ಲಿ ಅವನನ್ನು ಉದ್ದಗಲ ಸುಮಾರು 50 ಸೆಂ.ಮೀ. ಇರುವ ಪೆಟ್ಟಿಗೆಯಲ್ಲಿ 17 ಗಂಟೆ ತುರುಕಿಟ್ಟರು. ಹೊರಗೆ ತೆಗೆದು ಕೆಡವಿ 15 ನಿಮಿಷ ಗುದ್ದಿದರು. ಆಮೇಲೆ ಇರಾಕ್ ನಂಟಿನ ಪ್ರಶ್ನೆ. ಅವನಿಗೆ ಏನೂ ಗೊತ್ತಿರಲಿಲ್ಲ. ಕಥೆ ಕಟ್ಟಿದ. ಮುಂದೆ ಮರೆತುಹೋಗಬಾರದು ಎಂದು ಅಲ್-ಖೈದಾದ ನಿಜವಾದ ಜನರ ಹೆಸರನ್ನೇ ಸೇರಿಸಿದನಂತೆ!

ಅಮೆರಿಕ ಸೇನೆಯ ಗುಪ್ತಚರ ಸಂಸ್ಥೆ 2002ರ ಫೆಬ್ರವರಿಯಲ್ಲೇ ಬರೆದಿತ್ತು: ಇವನ ಮಾತಿನಲ್ಲಿ ವಿವರ ಇಲ್ಲ, ಬೇಕೆಂದೇ ದಾರಿ ತಪ್ಪಿಸುತ್ತಿರಬಹುದು ಅಂತ. ಆದರೂ ಅಕ್ಟೋಬರ್‌ನಲ್ಲಿ ಬುಷ್ ಭಾಷಣಕ್ಕೆ ಅದು ಬಂತು. 2003ರ ಫೆಬ್ರವರಿ 5ಕ್ಕೆ ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪವೆಲ್ ವಿಶ್ವಸಂಸ್ಥೆಯಲ್ಲಿ ಹೆಸರು ಹೇಳದೆ ಅವನ ಕಥೆಯನ್ನೇ ಒಪ್ಪಿಸಿದರು. ಮಾರ್ಚ್‌ನಲ್ಲಿ ಯುದ್ಧ. 2004ರ ಜನವರಿಯಲ್ಲಿ ಅಲ್-ಲೀಬಿ ಎಲ್ಲವನ್ನೂ ಹಿಂತೆಗೆದುಕೊಂಡ. ನೀವು ಹತ್ತು ಜನರಿಗೆ ಕಳಿಸಿ ಎನ್ನುತ್ತಿರುವ ಸಾಲು ಇದೇ ಚಿಕ್ಕಪ್ಪ.

ದೊಡ್ಡಮ್ಮ: ಅಯ್ಯೋ. ಅಷ್ಟು ಚಿಕ್ಕ ಪೆಟ್ಟಿಗೆಯಲ್ಲಿ ಮನುಷ್ಯ ಹಿಡಿಯುವುದು ಹೇಗೆ ಮಗಾ?

ಕುವೈತ್ ಚಿಕ್ಕಪ್ಪ: ಅವನೇನು ಸಂತ ಅಲ್ಲ ಅತ್ತಿಗೆ. ಅಫ್ಘಾನಿಸ್ತಾನದಲ್ಲಿ ಕ್ಯಾಂಪ್ ನಡೆಸಿದವ.

ನಾನು: ಸಂತ ಅಲ್ಲ. ಪೆಟ್ಟಿಗೆಯಿಂದ ಬಂದ ಮಾತನ್ನು ನಂಬಿ ಸೈನ್ಯ ಕಳಿಸಿದ್ದು ಸರಿಯಾ ಅಂತ ಕೇಳುತ್ತಿದ್ದೇನೆ.

ಕುವೈತ್ ಚಿಕ್ಕಪ್ಪ: ಜರ್ಕಾವಿ ಬಾಗ್ದಾದ್‌ನಲ್ಲಿ ಇದ್ದ. ಅದನ್ನು ಸುಳ್ಳು ಮಾಡು ನೋಡುವ.

ನಾನು: ಇದ್ದ, 2002ರಲ್ಲಿ. ಕಾಲು ಕತ್ತರಿಸಿ ಕೃತಕ ಕಾಲು ಹಾಕಿದರು ಅಂತಲೂ ಆಗ ಸುದ್ದಿ ಇತ್ತು. ಆಮೇಲೆ ನೋಡಿದರೆ ಎರಡೂ ಕಾಲು ಸರಿಯಾಗಿಯೇ ಇದ್ದವು 😀 ಸದ್ದಾಂ ಅವನನ್ನು ಹುಡುಕಿಸಿ ಹಿಡಿಸಲು ನೋಡಿದ, ಸಿಗಲಿಲ್ಲ ಎಂದು 2006ರ ಸೆನೆಟ್ ವರದಿ ಹೇಳುತ್ತದೆ. ಅವನ ಜೊತೆಯವರ ಕ್ಯಾಂಪ್ ಇದ್ದದ್ದು ಖುರ್ಮಾಲ್ ಕಡೆ, ಉತ್ತರದ ಕುರ್ದ್ ಪ್ರದೇಶದಲ್ಲಿ. ಅಲ್ಲಿ ಸದ್ದಾಂನ ಮಾತು ನಡೆಯುತ್ತಿರಲಿಲ್ಲ, ಮೇಲೆ ಹಾರುತ್ತಿದ್ದದ್ದು ಅಮೆರಿಕ, ಬ್ರಿಟನ್ ವಿಮಾನಗಳು. ಜರ್ಕಾವಿ ಲಾಡೆನ್‌ಗೆ ನಿಷ್ಠೆ ಸಲ್ಲಿಸಿದ್ದು 2004ರ ಅಕ್ಟೋಬರ್‌ನಲ್ಲಿ, ಸದ್ದಾಂ ಅಮೆರಿಕದ ಜೈಲಿನಲ್ಲಿದ್ದಾಗ. ಯುದ್ಧಕ್ಕೆ ಮುಂಚೆ ಹುಡುಕಿದರೂ ಸಿಗದ ನಂಟು ಯುದ್ಧ ಆದಮೇಲೆ ಇರಾಕ್‌ಗೆ ಬಂತು.

ಬೆಂಗಳೂರು ಭಾವ: ಆಗ ನಮ್ಮನ್ನೂ ಕರೆದಿದ್ದರು. ಒಂದು ಡಿವಿಜನ್, 17,000 ಸೈನಿಕರು ಬೇಕು ಅಂತ. 2003ರ ಜುಲೈನಲ್ಲಿ ವಾಜಪೇಯಿ ಸರ್ಕಾರ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶ ಇಲ್ಲದೆ ಕಳಿಸುವುದಿಲ್ಲ ಎಂದಿತು.

ಕುವೈತ್ ಚಿಕ್ಕಪ್ಪ: ಅದು ಒಳ್ಳೆಯದಾಯಿತು. ನಮ್ಮ ಹುಡುಗರು ಯಾಕೆ ಸಾಯಬೇಕು ಅಲ್ಲಿ.

ನಾನು: ಯುದ್ಧ ನೂರಕ್ಕೆ ನೂರು ಸರಿ ಇದ್ದರೆ ಕಳಿಸಬೇಕಿತ್ತಲ್ವಾ?

ಕುವೈತ್ ಚಿಕ್ಕಪ್ಪ: ತಲೆಹರಟೆ ಬೇಡ. ಯಾಸಿನ್ ವಿಷಯಕ್ಕೆ ಉತ್ತರ ಕೊಡು. 1993ರಲ್ಲಿ ವರ್ಲ್ಡ್ ಟ್ರೇಡ್ ಸೆಂಟರ್‌ಗೆ ಬಾಂಬ್ ಇಟ್ಟವರ ಪೈಕಿ ಒಬ್ಬ, ಅಬ್ದುಲ್ ರಹಮಾನ್ ಯಾಸಿನ್. ಓಡಿಹೋಗಿ ಸೇರಿದ್ದು ಇರಾಕ್.

ನಾನು: ಹೌದು, ಇದು ಗಟ್ಟಿ ಪಾಯಿಂಟ್. ಜೈಲಿನಲ್ಲಿ ಇಟ್ಟಿದ್ದೇವೆ ಎಂದು ಇರಾಕ್ ಹೇಳಿತು. 2002ರಲ್ಲಿ ಅಮೆರಿಕದ ಟೀವಿಯವರು ಬಾಗ್ದಾದ್‌ಗೇ ಹೋಗಿ ಅವನನ್ನು ಮಾತಾಡಿಸಿದರು. ಅಮೆರಿಕಕ್ಕೆ ಒಪ್ಪಿಸುವ ಮಾತನ್ನೂ ಇರಾಕ್ ಆಡಿತ್ತು, ಆಗಲಿಲ್ಲ. ಈಗಲೂ ಎಫ್‌ಬಿಐ ಹುಡುಕುವವರ ಪಟ್ಟಿಯಲ್ಲಿದ್ದಾನೆ. ಆದರೆ ಯುದ್ಧದ ನಂತರ 6 ಲಕ್ಷ ಇರಾಕಿ ದಾಖಲೆಗಳನ್ನು ಜಾಲಾಡಿ ಪೆಂಟಗನ್‌ಗೆ ಮಾಡಿಕೊಟ್ಟ 2008ರ ವರದಿಯಲ್ಲೂ ಅಲ್-ಖೈದಾ ಜೊತೆ ನೇರ ನಂಟಿಗೆ ಪಕ್ಕಾ ಪುರಾವೆ ಸಿಕ್ಕಿಲ್ಲ. ಬೇರೆ ಗುಂಪುಗಳ ಜೊತೆಗಿನ ನಂಟು ಬೇಕಾದಷ್ಟು ಸಿಕ್ಕಿದೆ.

ಕುವೈತ್ ಚಿಕ್ಕಪ್ಪ: ನೋಡು, ಬೇಕಾದಷ್ಟು ಸಿಕ್ಕಿದೆ ಅಂತ ನೀನೇ ಬರೆದೆ. ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ.

ನಾನು: ಹಿಂದಿನ ಸಾಲೂ ಬರುವ ಹಾಗೆ ತೆಗೆಯಿರಿ.

ಕುವೈತ್ ಚಿಕ್ಕಪ್ಪ: ಸರಿ, ಪ್ರೇಗ್ ಸಾಲು ಕಿತ್ತು, ಅಬು ನಿದಾಲ್, 25,000 ಡಾಲರ್, ಯಾಸಿನ್ ಸೇರಿಸಿ ನಮ್ಮ ಹಳೆ ಕುವೈತ್ ಗ್ರೂಪ್‌ಗೆ ಹಾಕುತ್ತೇನೆ.

ನಾನು: ವಿಷಾನಿಲದ ಸಾಲನ್ನೂ ಕೀಳಿ.

ಕುವೈತ್ ಚಿಕ್ಕಪ್ಪ: ಕಿತ್ತೆ.

ನಾನು: ಜರ್ಕಾವಿ?

ಕುವೈತ್ ಚಿಕ್ಕಪ್ಪ: ಅದು ಇರಲಿ.