ಹೊರತೆಗೆಯುವುದೋ, ಬಿಡಿಸುವುದೋ?

ಎಲ್ಲರಿಗೂ ನಮಸ್ಕಾರ. ನಾನು ಕುಶಾಲನಗರದ ಹತ್ತಿರದ ಒಂದು ಊರಿನಲ್ಲಿ ಮೇಷ್ಟ್ರು. ಹೊಳೆಗೋ ತೋಟದ ಕೆರೆಗೋ ಬಿದ್ದ ವಾಹನದಿಂದ ಜನರನ್ನು ಉಳಿಸುವುದು ಹೇಗೆ ಅಂತ ನಮ್ಮ ಕಡೆಯ ಕೆಲವು ಹುಡುಗರು ಕಲಿಯುತ್ತಿದ್ದಾರೆ. ಹೆಚ್ಚಿನವರು ದುಬಾರೆಯಲ್ಲಿ ರಾಫ್ಟ್ ನಡೆಸಿದವರು, ಕಾವೇರಿಯ ಸುಳಿ ಬಲ್ಲವರು. ತರಬೇತಿಯ ಕೈಪಿಡಿ ಇಂಗ್ಲಿಷಿನಲ್ಲಿದೆ. ಅದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಒಂದು ಪದದ ಹತ್ತಿರ ನಿಂತುಬಿಟ್ಟಿದ್ದೇನೆ.

ಆ ಪದ ‘ಎಕ್ಸ್‌ಟ್ರಿಕೇಶನ್’. ಅಂದರೆ ವಾಹನದೊಳಗೆ ಸಿಕ್ಕಿಕೊಂಡವರನ್ನು ಅಲ್ಲಿಂದ ಪಾರುಮಾಡಿ ಹೊರಗೆ ತರುವ ಕೆಲಸ. ಮೊದಲ ಕರಡಿನಲ್ಲಿ ‘ಹೊರತೆಗೆಯುವುದು’ ಅಂತ ಬರೆದಿದ್ದೆ. ಓದಿದ ಹುಡುಗನೊಬ್ಬ, "ಸರ್, ಇದು ಪೇಪರಿನಲ್ಲಿ ಹೆಣಕ್ಕೆ ಹಾಕುವ ಮಾತಲ್ವಾ?" ಅಂದ. ನಿಜ. ‘ಶವವನ್ನು ಹೊರತೆಗೆದರು’ ಅನ್ನುವುದನ್ನು ಮಳೆಗಾಲದಲ್ಲಿ ಎಷ್ಟು ಸಲ ಓದಿಲ್ಲ ನಾವು! ಇನ್ನೂ ಉಸಿರಿರಬಹುದಾದವರನ್ನು ಹುಡುಕಿ ಇಳಿಯುವ ಹುಡುಗನಿಗೆ ಆ ಪದ ಕೊಡಲು ನನಗೆ ಮನಸ್ಸಾಗಲಿಲ್ಲ.

ಈಗ ನನ್ನ ಒಲವು ‘ಬಿಡಿಸು’ ಕಡೆಗೆ. ಕೂದಲಿನ ಸಿಕ್ಕು ಬಿಡಿಸುತ್ತೇವೆ, ಗಂಟು ಬಿಡಿಸುತ್ತೇವೆ, ಬಲೆಗೆ ಬಿದ್ದ ಹಕ್ಕಿಯನ್ನು ಬಿಡಿಸುತ್ತೇವೆ. ಎಲ್ಲದರಲ್ಲೂ ಒಂದೇ ಅರ್ಥ: ಹಿಡಿದುಕೊಂಡಿರುವುದು ಯಾವುದು ಅಂತ ಮೊದಲು ನೋಡು, ಆಮೇಲೆ ಅದನ್ನು ಸಡಿಲಿಸು. ನೀರೊಳಗಿನ ಕೆಲಸವೂ ಇದೇ. ಇಂಜಿನ್ ಮುಂದಿರುವ ಕಾರು ಮೂತಿ ಕೆಳಗೆ ಮಾಡಿ ಮುಳುಗುತ್ತದೆ. ಒಂದು ಮೀಟರ್ ಆಳದಲ್ಲಿ ನೀರು ಚದರ ಮೀಟರಿಗೆ ಹತ್ತಿರ ಹತ್ತಿರ 1 ಟನ್ ಭಾರ ಹಾಕಿ ಒತ್ತುತ್ತದೆ. ಹಾಗಾಗಿ ಒಳಗೆ ನೀರು ತುಂಬುವ ತನಕ ಬಾಗಿಲನ್ನು ಎಷ್ಟು ಎಳೆದರೂ ಬಾರದು. ಕಿಟಕಿಯ ಗಾಜೇ ದಾರಿ. ನೀರೊಳಗೆ ಸುತ್ತಿಗೆ ಬೀಸಿದರೆ ಏಟಿಗೆ ಬಲ ಸಿಗುವುದಿಲ್ಲ. ಅದಕ್ಕೇ ಸ್ಪ್ರಿಂಗ್ ಪಂಚನ್ನು (ಒತ್ತಿದರೆ ಒಳಗಿನ ಸ್ಪ್ರಿಂಗಿನ ಬಲದಿಂದ ಮೊನೆ ಚಿಮ್ಮಿ ಹೊಡೆಯುವ ಕೈಯಳತೆಯ ಸಲಕರಣೆ) ಗಾಜಿನ ಮೂಲೆಗೆ ಒತ್ತುವುದನ್ನು ಕಲಿಸುತ್ತಾರೆ. ಪಕ್ಕದ ಗಾಜು ಕಾಳು ಕಾಳಾಗಿ ಉದುರುತ್ತದೆ. ಮುಂದಿನ ಗಾಜು ಹಾಗಲ್ಲ, ಎರಡು ಪದರದ ನಡುವೆ ಪ್ಲಾಸ್ಟಿಕ್ ಹಾಳೆ ಇರುವುದರಿಂದ ಬಿರುಕು ಬಿಟ್ಟರೂ ಅಲ್ಲೇ ಅಂಟಿಕೊಂಡಿರುತ್ತದೆ. ಈಗೀಗ ಕೆಲವು ಕಾರುಗಳಲ್ಲಿ ಪಕ್ಕದ ಗಾಜೂ ಇಂಥದ್ದೇ.

ಆಮೇಲೆ ಬೆಲ್ಟ್. ಮಳೆಗಾಲದ ಕೆಂಪು ನೀರಿನಲ್ಲಿ ಕಣ್ಣಿಗೆ ಕೆಲಸವೇ ಇಲ್ಲ, ಕೈಯೇ ಕಣ್ಣು. ಭುಜದಿಂದ ಸೊಂಟದ ತನಕ ಬೆಲ್ಟನ್ನು ತಡವಿಕೊಂಡು ಹೋಗಿ ಕತ್ತರಿಸಬೇಕು. ಕತ್ತರಿಸದೆ ಎಳೆದರೆ ಅದು ಇನ್ನಷ್ಟು ಬಿಗಿಯುತ್ತದೆ. ‘ಹೊರತೆಗೆ’ ಅಂತ ಬರೆದರೆ ಹುಡುಗನ ಕೈ ಮೊದಲು ಎಳೆಯಲು ಹೋಗುತ್ತದೆ. ‘ಬಿಡಿಸು’ ಅಂದರೆ ಬೆಲ್ಟ್ ಹುಡುಕುತ್ತದೆ. ನನಗೆ ಇದು ಸುಮ್ನೆ ಪದದ ಚಂದದ ಮಾತಲ್ಲ. ಕೆಲವು ವರ್ಷದ ಹಿಂದೆ ನಮ್ಮ ಪಕ್ಕದ ತೋಟದ ಕೆರೆಗೆ ಜೀಪೊಂದು ಬಿತ್ತು. ಈಜು ಬಲ್ಲ ಮೂವರು ಹಾರಿ, ಬಾಗಿಲಿನ ಹಿಡಿಯನ್ನೇ ಎಳೆಯುತ್ತಲೇ ಇದ್ದರು. ದಡದಲ್ಲಿ ನಿಂತು ನಾವೂ "ಎಳೀರಿ, ಎಳೀರಿ" ಅಂತಲೇ ಕೂಗಿದ್ದೆವು.

ಅದಕ್ಕೆ ಕೈಪಿಡಿಯಲ್ಲಿ ಎರಡನ್ನೂ ಇಟ್ಟಿದ್ದೇನೆ: ಮೊದಲು ‘ಬಿಡಿಸು’, ಅದಾದ ಮೇಲೆ ‘ಮೇಲೆ ತಾ’. ಗೆಳೆಯರೊಬ್ಬರ ಆಕ್ಷೇಪ ಏನೆಂದರೆ, ‘ಬಿಡಿಸು’ ಅಂದರೆ ಪೊಲೀಸ್ ಸ್ಟೇಷನ್ನಿನಿಂದ ಬಿಡಿಸಿಕೊಂಡು ಬಂದ ಹಾಗೆ ಕೇಳುತ್ತದಂತೆ. ನನಗೇನೋ ಹಾಗನ್ನಿಸಲಿಲ್ಲ. ನಿಮಗೆ?

‘ವಿಕ್ಟಿಮ್’ ಪದಕ್ಕೆ ‘ಸಂತ್ರಸ್ತ’ ಬೇಡ ಅಂತ ತೀರ್ಮಾನಿಸಿದೆ. 2018ರ ಆಗಸ್ಟಿನ ಮಳೆ, ಗುಡ್ಡ ಕುಸಿತದ ಮೇಲೆ ಕೊಡಗಿನಲ್ಲಿ ಸಂತ್ರಸ್ತರು ಅಂದರೆ ಮನೆ ಕಳೆದುಕೊಂಡವರು. ‘ಒಳಗೆ ಸಿಕ್ಕಿಕೊಂಡವರು’ ಅಂತ ಉದ್ದವಾಗಿಯೇ ಬರೆದಿದ್ದೇನೆ.

‘ಡೈವರ್’ ಪದಕ್ಕೆ ‘ಮುಳುಗು ತಜ್ಞ’ ಕೂಡ ನನಗೆ ಒಗ್ಗುತ್ತಿಲ್ಲ. ಮೊದಲ ದಿನ ನೀರಿಗಿಳಿದವನನ್ನು ತಜ್ಞ ಅನ್ನೋದು ಹೇಗೆ? ಈಜುಗಾರ, ಹಾಡುಗಾರನ ಹಾಗೆ ‘ಮುಳುಗುಗಾರ’ ಮಾಡಬಹುದು. ಆದರೆ ನಮ್ಮಲ್ಲಿ ಬೇಕೆಂದು ಮುಳುಗಿದವನಿಗೂ ನೀರು ಪಾಲಾದವನಿಗೂ ಒಂದೇ ಕ್ರಿಯಾಪದ, ಅದೇ ತೊಡಕು. ಭಾಗಮಂಡಲದ ಸಂಗಮದಲ್ಲಿ ಜನ ‘ಮುಳುಗು ಹಾಕುತ್ತಾರೆ’, ಅಲ್ಲಿ ಏಳುವುದೂ ಸೇರಿದೆ. ಆ ಬಳಕೆಯ ಧೈರ್ಯದ ಮೇಲೆ ‘ಮುಳುಗುಗಾರ’ ಉಳಿಸಿಕೊಂಡಿದ್ದೇನೆ.

ಕೊನೆಯದಾಗಿ, ದಡದಲ್ಲಿ ಹಗ್ಗ ಹಿಡಿದು ನಿಲ್ಲುವವರಿಗೆ ಪದ ಸಿಕ್ಕಿಲ್ಲ. ನೀರೊಳಗಿನ ಮುಳುಗುಗಾರನ ಮಾತು ಕೇಳುವುದು ಆ ಹಗ್ಗದಲ್ಲಿ ಮಾತ್ರ. ಒಂದು ಜಗ್ಗು ಅಂದರೆ ‘ಸರಿಯಾಗಿದ್ದೇನೆ’, ನಾಲ್ಕು ಅಂದರೆ ‘ಸಹಾಯ ಬೇಕು’. ಹುಡುಗರು ಸದ್ಯಕ್ಕೆ ‘ದಡದಣ್ಣ’ ಅನ್ನುತ್ತಿದ್ದಾರೆ. ಆದರೆ ತಂಡದಲ್ಲಿ ಇಬ್ಬರು ಹುಡುಗಿಯರೂ ಇದ್ದಾರೆ. ಕರಾವಳಿಯಲ್ಲಿ ಚಿಪ್ಪು ತೆಗೆಯಲು ನೀರಿಗಿಳಿಯುವವರಲ್ಲಿ, ಬಾವಿ ತೋಡುವವರಲ್ಲಿ, ಮೇಲೆ ಹಗ್ಗ ಹಿಡಿದವರಿಗೆ ಏನಾದರೂ ಹೆಸರಿದೆಯಾ? ಕೇಳಿದ ನೆನಪಿದ್ದರೆ ಯಾವ ಊರಿನ ಮಾತು ಅನ್ನುವುದನ್ನೂ ಸೇರಿಸಿ ತಿಳಿಸಿ.