ಪಿಎಚ್‌ಡಿ ಆದಮೇಲೆ 34ಕ್ಕೆ ಎಂಬಿಎ: ಅನುಭವದ ಕಾಲಂನಲ್ಲಿ ಏನು ಬರೆಯಲಿ?

ಕೆಲಗೇರಿ_ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಸಸ್ಯರೋಗ ಶಾಸ್ತ್ರದವಳು. ಧಾರವಾಡದಲ್ಲೇ ಪಿಎಚ್‌ಡಿ ಆಯಿತು, ಆಮೇಲೆ ಹೊರರಾಜ್ಯದಲ್ಲಿ ಎರಡು ವರ್ಷ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ ಕೆಲಸ), ಈಗ ವಾಪಸ್ ಬಂದು ಒಂದು ಪ್ರಾಜೆಕ್ಟಿನಲ್ಲಿ ರಿಸರ್ಚ್ ಅಸೋಸಿಯೇಟ್. ಕೆಲಸ ಮೆಣಸಿನಕಾಯಿ ಎಲೆ ಮುಟುರು ರೋಗದ ಮೇಲೆ, ವೈರಸ್‌ನಿಂದ ಎಲೆ ಮುದುಡುತ್ತಲ್ಲ, ಅದು. ಮಾರ್ಚಿಗೆ ಪ್ರಾಜೆಕ್ಟ್ ಮುಗಿಯುತ್ತದೆ. ಇನ್ನೊಂದು ಸಿಗಬಹುದು, ಸಿಗದೇ ಇರಬಹುದು. ಹೋದ ವರ್ಷ ಏಳು ತಿಂಗಳು ಸಂಬಳವೇ ಬರಲಿಲ್ಲ, ಬಾಡಿಗೆ ಕಟ್ಟೋಕೆ ತಮ್ಮನ ಹತ್ತಿರ ಕೇಳಿದೆ. ಈ ವಯಸ್ಸಿಗೆ ಅದು ಚೆನ್ನಾಗಿರಲ್ಲ, ಅಲ್ವಾ?

ಒಂದು ವರ್ಷದ ಎಂಬಿಎ ಕೋರ್ಸ್‌ಗಳಿಗೆ ಅರ್ಜಿ ಹಾಕೋಣ ಅಂತ ಕೂತರೆ ಎರಡನೇ ಪುಟದಲ್ಲೇ ನಿಂತೆ. ಕೆಲಸದ ಅನುಭವ ಎಷ್ಟು ತಿಂಗಳು ಅಂತ ಕೇಳ್ತಾರೆ. ಪಿಎಚ್‌ಡಿ ವರ್ಷಗಳು ಲೆಕ್ಕಕ್ಕೆ ಬರುತ್ತವಾ? ಅರ್ಜಿ ಜೊತೆ ಕೇಳುವ ಪ್ರಬಂಧ ಬರೆದು ನೋಡಿದೆ, ಓದಿದರೆ ನನ್ನ ಥೀಸಿಸ್ ಸಾರಾಂಶವೇ ಮತ್ತೆ ಬಂದು ಕೂತಿದೆ. ಅಪ್ಪ ಬ್ಯಾಡಗಿ ಮಾರ್ಕೆಟ್‌ನಲ್ಲಿ ದಲಾಲಿ ಅಂಗಡಿ ಲೆಕ್ಕ ಬರೆಯುವವರು. "ಡಾಕ್ಟರ್ ಆಗಿ ಮತ್ತ ಸಾಲಿಗೆ ಹೊಂಟಿ ಏನ್ವಾ?" ಅಂತ ಒಂದೇ ಮಾತು ಕೇಳಿ ಸುಮ್ಮನಾದರು. ಆ ಮಾರ್ಗದಲ್ಲಿ ಹೋದವರು ಇದ್ದರೆ ಹೇಳಿ.

ಗದಗ_ಗಾಳಿ

ಮೇಡಂ, ನಾನು ಕೆಮಿಸ್ಟ್ರಿ ಪಿಎಚ್‌ಡಿ, 36ಕ್ಕೆ ಒಂದು ವರ್ಷದ ಕೋರ್ಸ್ ಮಾಡಿದವನು.

ಅನುಭವದ ಲೆಕ್ಕ ಒಂದು ಎಂಬಿಎ ಶಾಲೆಯಿಂದ ಇನ್ನೊಂದಕ್ಕೆ ಬೇರೆ. ಫೆಲೋಶಿಪ್ ಮೇಲೆ ಪಿಎಚ್‌ಡಿ ಮಾಡಿದ ವರ್ಷಗಳನ್ನು ಓದು ಅಂತಲೇ ಹಿಡಿಯುವವರು ಇದ್ದಾರೆ. ಪೋಸ್ಟ್‌ಡಾಕ್, ಅಸೋಸಿಯೇಟ್ ಕೆಲಸಕ್ಕೆ ನೇಮಕಾತಿ ಆದೇಶ, ಸಂಬಳದ ಚೀಟಿ ಇದ್ದರೆ ವಾದ ಗಟ್ಟಿ. ಐಐಎಂ ಅಹಮದಾಬಾದ್‌ನ ಒಂದು ವರ್ಷದ ಕೋರ್ಸ್ ಪಿಜಿಪಿಎಕ್ಸ್ ಕನಿಷ್ಠ 4 ವರ್ಷ ಕೇಳುತ್ತದೆ, ಐಎಸ್‌ಬಿ (ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್) ಕೋರ್ಸ್ ಪಿಜಿಪಿಗೆ 24 ತಿಂಗಳು. ನೀವೇ ಊಹೆ ಮಾಡಿ ತುಂಬಬೇಡಿ. ಆದೇಶದ ಪ್ರತಿ ಹಚ್ಚಿ ಪ್ರವೇಶ ವಿಭಾಗಕ್ಕೆ ಮೇಲ್ ಹಾಕಿ, ಅವರ ಉತ್ತರ ಜೋಪಾನವಾಗಿ ಇಟ್ಟುಕೊಳ್ಳಿ. ನಾನು ಹಾಗೇ ಮಾಡಿದ್ದು. ಸಂದರ್ಶನದಲ್ಲಿ ಒಬ್ಬರು ತಕರಾರು ತೆಗೆದಾಗ ಆ ಇಮೇಲೇ ಕಾಪಾಡಿತು.

ಪ್ರವೇಶ ಪರೀಕ್ಷೆಗಳಲ್ಲಿ ಜಿಮ್ಯಾಟ್ ಇಟ್ಟುಕೊಳ್ಳಿ. ಈಗ 2 ಗಂಟೆ 15 ನಿಮಿಷ, 64 ಪ್ರಶ್ನೆ, ಅಂಕ 205ರಿಂದ 805, ಐದು ವರ್ಷ ನಡೆಯುತ್ತದೆ. ಐಐಎಂಗಳು ನಡೆಸುವ ಕ್ಯಾಟ್ ಅಂಕ ಒಂದು ವರ್ಷಕ್ಕೇ ಸತ್ತುಹೋಗುತ್ತದೆ, ಅದೂ ವರ್ಷಕ್ಕೆ ಒಂದೇ ಸಲ. ಆದರೆ ಜಿಮ್ಯಾಟ್‌ನ ಗಣಿತ ವಿಭಾಗದಲ್ಲಿ ಕ್ಯಾಲ್ಕುಲೇಟರ್ ಇಲ್ಲ. ನಗಬೇಡಿ, ಹತ್ತು ವರ್ಷ ಸಾಫ್ಟ್‌ವೇರ್ ಹಚ್ಚಿ ಅಂಕಿಅಂಶದ ದೊಡ್ಡ ಲೆಕ್ಕ ಮಾಡಿದವನಿಗೆ ದೋಣಿ, ಹೊಳೆ, ವೇಗದ ಲೆಕ್ಕ ಬರಲಿಲ್ಲ. ದಿನಾ ಬೆಳಿಗ್ಗೆ ಮಗಳ ಎಂಟನೇ ಕ್ಲಾಸಿನ ಪುಸ್ತಕ ಹಿಡಿದು ಕೂತೆ.

ಶಿಫಾರಸು ಪತ್ರ ಗೈಡ್ ಒಬ್ಬರಿಂದಲೇ ಬೇಡ. 'ಶ್ರಮಜೀವಿ, ಪ್ರಾಮಾಣಿಕ' ಅಂತ ಎರಡು ಸಾಲು ಬರೆದು ಸಹಿ ಮಾಡಿ ಕೊಡ್ತಾರೆ. ನಿಮ್ಮ ಜೊತೆ ಹೊಲಕ್ಕೆ ಬಂದವರು, ದುಡ್ಡಿನ ವಿಷಯದಲ್ಲಿ ನಿಮ್ಮನ್ನು ನೋಡಿದವರು ಯಾರಾದರೂ ಬರೆಯಲಿ.

ಪ್ರಬಂಧದ ವಿಷಯ ಆಮೇಲೆ ಹೇಳ್ತೀನಿ. ಅದಕ್ಕೆ ಮೊದಲು ಒಂದು ಪ್ರಶ್ನೆ: ಈ ಮೆಣಸಿನಕಾಯಿ ಕೆಲಸದಲ್ಲಿ ಪೂರಾ ಕೆಟ್ಟುಹೋಗಿದ್ದು ಯಾವುದು?

ಬೀಜದ_ಅಂಗಡಿ_ರಾಣೇಬೆನ್ನೂರು

ನಾನು ಸ್ವಲ್ಪ ಕಹಿ ಹೇಳ್ತೀನಿ, ತಂಗಿ. ಬೇಜಾರು ಮಾಡ್ಕೋಬೇಡ. ಲ್ಯಾಬ್ ಸಾಕಾಗಿದೆ ಅಂತ 30 ಲಕ್ಷ ದಾಟುವ ಫೀಸ್ ಕಟ್ಟೋದು ಅಂದರೆ ನೆಗಡಿಗೆ ಮೂಗು ಕೊಯ್ದ ಹಾಗೆ. ನಮ್ಮ ಬೀಜದ ಲೈನಿನಲ್ಲಿ ರೋಗ ನಿರೋಧಕ ತಳಿ ಬಗ್ಗೆ ರೈತನ ಭಾಷೆಯಲ್ಲಿ ಮಾತಾಡುವವರು ಸಿಗೋದೇ ಕಷ್ಟ. ಮೊದಲು ಒಂದು ಕಂಪನಿಯಲ್ಲಿ ಪ್ರಾಡಕ್ಟ್ ಡೆವಲಪ್‌ಮೆಂಟ್ ಕೆಲಸ ಹಿಡಿ, ಎರಡು ವರ್ಷ ಆದಮೇಲೆ ಎಂಬಿಎ ಬೇಕೋ ಬೇಡವೋ ನಿನಗೇ ಗೊತ್ತಾಗುತ್ತದೆ. ಬೇಕೇ ಬೇಕು ಅನ್ನಿಸಿದರೆ ಕೃಷಿಯವರಿಗೆ ಅಂತಲೇ ಇರೋದನ್ನೂ ನೋಡು. ಅಹಮದಾಬಾದ್‌ನಲ್ಲಿ ಆಹಾರ ಮತ್ತು ಕೃಷಿ ವ್ಯವಹಾರದ ಎರಡು ವರ್ಷದ ಕೋರ್ಸ್ ಇದೆ, ಹೈದರಾಬಾದ್‌ನಲ್ಲಿ ಮ್ಯಾನೇಜ್ ಅಂತ ಕೃಷಿ ಮ್ಯಾನೇಜ್‌ಮೆಂಟ್ ಸಂಸ್ಥೆ ಇದೆ, ಎರಡಕ್ಕೂ ಕ್ಯಾಟ್ ಬರೀಬೇಕು. ಕ್ಯಾಟ್‌ಗೆ ವಯಸ್ಸಿನ ಮಿತಿ ಇಲ್ಲ. ಆದರೆ ಕ್ಲಾಸಿನಲ್ಲಿ ಪಕ್ಕಕ್ಕೆ ಕೂತವರು ನಿನಗಿಂತ ಹತ್ತು ವರ್ಷ ಚಿಕ್ಕವರು ಇರ್ತಾರೆ, ಅದು ನಡೆಯುತ್ತದಾ ನೋಡ್ಕೋ.

ಕೆಲಗೇರಿ_ದಂಡೆ

ಅಣ್ಣಾ, ಬೇಜಾರಿಲ್ಲ. ಕಂಪನಿ ಮಾತು ಯೋಚನೆ ಮಾಡ್ತಿದ್ದೀನಿ.

ಗದಗ ಸರ್, ಕೆಟ್ಟಿದ್ದು ಕೇಳಿದ್ರಲ್ಲ. ಬ್ಯಾಡಗಿ ಸುತ್ತ ಐದು ರೈತರ ಹೊಲದಲ್ಲಿ ಟ್ರಯಲ್ ಇತ್ತು. ಪ್ರತಿ ಹೊಲದಲ್ಲಿ ನಾಲ್ಕು ಗುಂಟೆ ಏನೂ ಎಣ್ಣೆ ಹೊಡೆಯದೆ ಬಿಡಬೇಕು, ಉಳಿದದ್ದನ್ನು ಅದಕ್ಕೆ ಹೋಲಿಸಿ ನೋಡೋದು, ಅದೇ ಕಂಟ್ರೋಲ್. ಒಂದು ದಿನ ಬೆಳಿಗ್ಗೆ ಹೋದರೆ ಕಂಟ್ರೋಲ್ ಪ್ಲಾಟ್ ಹತ್ತಿರ ಘಾಟು ವಾಸನೆ. ಬದುವಿಗೆ ಒರಗಿಸಿದ ಪಂಪಿನಿಂದ ಇನ್ನೂ ಹನಿ ಬೀಳ್ತಿತ್ತು. ಆ ಹೊಲದ ರೈತ ಅಜ್ಜ ರಾತ್ರಿ ಬಂದು ಎಣ್ಣೆ ಹೊಡೆದುಬಿಟ್ಟಿದ್ದರು. ಒಂದು ಸೀಸನ್ ಡೇಟಾ ಮಣ್ಣುಪಾಲು. ಬೈಯೋಣ ಅಂತ ಬಾಯಿ ತೆಗೆದೆ, ಅವರೇ ಮೊದಲು ಹೇಳಿದರು: "ಕಣ್ಮುಂದ ಸಾಯಾಕತ್ತಿದ್ರ ಹೆಂಗ ನೋಡ್ಕೊಂತ ಕುಂದರ್ಲಿ ಯವ್ವಾ." ಆಮೇಲೆ ಗೊತ್ತಾಯಿತು, ಪ್ಲಾಟ್ ರಸ್ತೆ ಬದಿಗೆ ಇತ್ತು, ಹೋಗೋರು ಬರೋರೆಲ್ಲ ಹೊಲ ಹಾಳು ಕೆಡವಿದಿ ಅಂತ ಅವರನ್ನು ಆಡಿಕೊಳ್ತಿದ್ದರಂತೆ.

ಮುಂದಿನ ವರ್ಷ ಕಂಟ್ರೋಲ್ ಅನ್ನು ಹೊಲದ ಒಳಗೆ ಹಾಕಿಸಿದೆ. ಆ ನಾಲ್ಕು ಗುಂಟೆಯ ಬೆಳೆಗೆ ಮಾರ್ಕೆಟ್ ದರದಲ್ಲಿ ಮೊದಲೇ ದುಡ್ಡು ಕೊಡಬೇಕು ಅಂತ ಆಫೀಸಿಗೆ ಮೂರು ಸಲ ಪತ್ರ ಬರೆದು ಒಪ್ಪಿಸಿದೆ. ಐದೂ ಜನ ಕೊನೆವರೆಗೂ ಉಳಿದರು. ಇದನ್ನು ಪೇಪರ್‌ನಲ್ಲಿ ಎಲ್ಲೂ ಬರೆದಿಲ್ಲ, ಬರೆಯೋಕೆ ಜಾಗವೂ ಇಲ್ಲ.

ಗದಗ_ಗಾಳಿ

ಅಯ್ಯೋ ಮೇಡಂ, ಇದನ್ನು ಬಿಟ್ಟು ವೈರಸ್‌ನ ಜೀನೋಮ್ ಬರೆದು ಕೂತಿದ್ದೀರಾ! ಇದೇ ನಿಮ್ಮ ಪ್ರಬಂಧ. ಯಾರದೋ ದುಡ್ಡು, ನಿಮ್ಮ ಮಾತು ಕೇಳಲೇಬೇಕು ಅಂತ ಇಲ್ಲದ ಜನ, ಕೆಟ್ಟ ಕೆಲಸ, ಅದನ್ನು ನೀವು ಸರಿ ಮಾಡಿದ್ದು. ಪೇಪರ್‌ಗಳ ಪಟ್ಟಿ ಬಯೋಡೇಟಾದಲ್ಲಿ ಒಂದು ಸಾಲಿಗೆ ಸಾಕು. ಎಂಬಿಎ ಯಾಕೆ ಅಂತ ಕೇಳಿದ ಕಡೆ ಮಾತ್ರ ಸಂಬಳ ತಡವಾಗಿದ್ದು ಬರೆಯಬೇಡಿ, ಅದು ನಿಜ ಇದ್ದರೂ. ಅಜ್ಜ ಕೈಯಾರೆ ಕೊಂಡುಕೊಳ್ಳುವ ಹಾಗೆ ಒಂದು ತಳಿಯನ್ನು ಅವರ ಹೊಲಕ್ಕೆ ಮುಟ್ಟಿಸೋಕೆ ನಿಮಗೆ ಏನು ಗೊತ್ತಿಲ್ಲವೋ ಅದನ್ನು ಬರೆಯಿರಿ.

ನವನಗರ_ಕೌಂಟರ್

ಬ್ಯಾಂಕಿನಲ್ಲಿ ಸಾಲದ ಟೇಬಲ್ ಮೇಲೆ ಕೂತವಳು ನಾನು, ಬರೀ ಲೆಕ್ಕ ಹೇಳ್ತೀನಿ. 35 ಲಕ್ಷ ಸಾಲ, ಬಡ್ಡಿ ಶೇ 10, ಹತ್ತು ವರ್ಷ ಅಂದರೆ ತಿಂಗಳಿಗೆ ಸುಮಾರು 46 ಸಾವಿರ ಕಂತು. ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದವರೆಗೆ ಕಂತು ಶುರುವಾಗಲ್ಲ, ಆದರೆ ಬಡ್ಡಿ ಓಡ್ತಾನೇ ಇರುತ್ತದೆ, ಇದನ್ನು ಯಾರೂ ಕೇಳಿಸಿಕೊಳ್ಳಲ್ಲ. ಕಟ್ಟಿದ ಬಡ್ಡಿಗೆ ಎಂಟು ವರ್ಷ ತೆರಿಗೆ ವಿನಾಯಿತಿ ಇದೆ, ಹಳೆ ತೆರಿಗೆ ಪದ್ಧತಿ ಆರಿಸಿಕೊಂಡರೆ ಮಾತ್ರ. ಅಪ್ಪನ ಮನೆ ಪತ್ರ ಅಡ ಇಡೋಕೆ ಮೊದಲು ಅಡ ಇಲ್ಲದೆ ಬ್ಯಾಂಕ್ ಸಾಲ ಕೊಡುವ ಶಾಲೆಗಳ ಪಟ್ಟಿಯಲ್ಲಿ ನಿಮ್ಮದು ಇದೆಯಾ ಕೇಳಿ.

ಬೆಂಗಳೂರು_ಬಸ್

ಒಂದು ಡೌಟು. ಅಜ್ಜ ರಾತ್ರಿ ಹೊಲದಲ್ಲಿ ಎಣ್ಣೆ ಹೊಡೆದರೆ ಡೇಟಾ ಯಾಕೆ ಹಾಳಾಗುತ್ತದೆ?

ಕೆಲಗೇರಿ_ದಂಡೆ

ನಮ್ಮ ಕಡೆ ಎಣ್ಣೆ ಅಂದರೆ ಕ್ರಿಮಿನಾಶಕ ಸರ್, ಬಾಟಲಿ ಬೇರೆ! ಮೂರು ಶಾಲೆಗೆ ಆದೇಶದ ಪ್ರತಿ ಕಳಿಸಿದ್ದೀನಿ, ರಾಣೇಬೆನ್ನೂರು ಅಣ್ಣನಿಗೆ ಬಯೋಡೇಟಾನೂ ಕಳಿಸ್ತೀನಿ. ಭಾನುವಾರ ಊರಿಗೆ ಹೋಗಿ ಆ 46 ಸಾವಿರದ ಲೆಕ್ಕ ಅಪ್ಪನ ಮುಂದೆ ಇಡಬೇಕು. ಲೆಕ್ಕ ಅಂದರೆ ಅವರು ಕನ್ನಡಕ ಹಾಕಿಕೊಂಡು ಕೂರ್ತಾರೆ.